ಮಾತ್ರೆ ನುಂಗಿದ ಮೇಲೆ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪ್ ಇಟ್ಟುಕೊಂಡು ಇಪ್ಪತ್ತು ವರ್ಷ ಕೌಂಟರಿನ ಹಿಂದೆ ನಿಂತವಳಿಗೆ ತಿಂಗಳಿಗೊಂದಾದರೂ ಮಾತ್ರೆಯ ಎಡವಟ್ಟಿನ ಪ್ರಸಂಗ ಎದುರಾಗದೆ ಇರುವುದಿಲ್ಲ. ಏನೂ ಆಗದೆ ತಿಂಗಳು ಮುಗಿದರೆ, ಎಲ್ಲೋ ಏನೋ ಆಗಿದೆ, ನನ್ನ ಕಿವಿಗೆ ಬಿದ್ದಿಲ್ಲ ಅಷ್ಟೆ ಅಂತ ನಾನೇ ಅಂದುಕೊಳ್ಳುತ್ತೇನೆ.

ನಾನು ಡಿ. ಫಾರ್ಮಾ ಓದುವಾಗ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಮಾತ್ರೆ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರುವಾಗ ಗೆರೆ ಗುಡ್ಡದ ಹಾಗೆ ಏರುತ್ತದೆ, ಕೆಲಸ ಮಾಡಿ ಕರಗುವಾಗ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಇಳಿಯುವ ಮೊದಲು ಇನ್ನೊಂದು ಮಾತ್ರೆ ನುಂಗಬೇಕು. ಬೆಳಗ್ಗೆ ಒಂದು, ರಾತ್ರಿ ಒಂದು ಅಂತ ಡಾಕ್ಟರು ಬರೆಯುವುದರ ಗುಟ್ಟು ಅಷ್ಟೆ. ನಾನು ಅದನ್ನು ಬಾಯಿಪಾಠ ಮಾಡಿ ಪಾಸಾದೆ. ಆ ಗೆರೆಗೂ ಮನುಷ್ಯರಿಗೂ ನಡುವೆ ಎಷ್ಟೆಲ್ಲ ಇರುತ್ತದೆ ಅಂತ ಗೊತ್ತಾದದ್ದು ಅಂಗಡಿ ತೆಗೆದ ಮೇಲೆ. ನನ್ನ ಕೈಯಿಂದ ಹೋದ ಮಾತ್ರೆ ಆಮೇಲೆ ಏನಾಗುತ್ತದೆ ಅನ್ನುವ ಕುತೂಹಲ ಅವತ್ತು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಶೀಟ್ ಖಾಲಿ

ಅದು ಕಾಫಿ ಕೊಯ್ಲಿನ ಸಮಯ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಹೆಣ್ಣುಮಗಳೊಬ್ಬಳು ಡಾಕ್ಟರ ಚೀಟಿ ಹಿಡಿದು ಬಂದಳು. ಎದೆಯಲ್ಲಿ ಕಫ ಕಟ್ಟಿತ್ತು, ಜ್ವರವಿತ್ತು. ದಿನಕ್ಕೆ ಮೂರರಂತೆ ಐದು ದಿನದ ಮಾತ್ರೆ. ಇಂಥ ಮಾತ್ರೆಯನ್ನು ಜನ ಎರಡು ದಿನಕ್ಕೆ ಬಿಟ್ಟುಬಿಡುತ್ತಾರೆ. ಜ್ವರ ಇಳಿಯಿತು, ಇನ್ನೇಕೆ ಅನ್ನುತ್ತಾರೆ. ಅದಕ್ಕೆ ನಾನು ಅವಳನ್ನು ನಿಲ್ಲಿಸಿಕೊಂಡು, ಜ್ವರ ಬಿಟ್ಟರೂ ಮಾತ್ರೆ ಬಿಡಬಾರದು, ಶೀಟ್ ಪೂರ್ತಿ ಖಾಲಿ ಆಗಲೇಬೇಕು ಅಂತ ಎರಡೆರಡು ಸಲ ಹೇಳಿದೆ. ಅವಳೂ ಶ್ರದ್ಧೆಯಿಂದ ತಲೆ ಆಡಿಸಿದಳು.

ಹತ್ತು ದಿನ ಕಳೆದು ಮತ್ತೆ ಬಂದಳು. ಮತ್ತೆ ಅದೇ ಕೆಮ್ಮು, ಅದೇ ಜ್ವರ. ಶೀಟ್ ಖಾಲಿ ಮಾಡಿದ್ದೀಯಾ ಅಂತ ಕೇಳಿದೆ. ಮಾಡಿದ್ದೇನೆ ಅಂದಳು. ಎಷ್ಟು ದಿನಕ್ಕೆ ಅಂದೆ. ಎರಡೂವರೆ ದಿನಕ್ಕೆ ಅಂದಳು.

ನನಗೆ ಗಾಬರಿಯಾಯಿತು. ಐದು ದಿನದ ಮಾತ್ರೆಯನ್ನು ಎರಡೂವರೆ ದಿನದಲ್ಲಿ ನುಂಗಿದಳೇ ಅಂತ. ಕೂರಿಸಿ, ನಿಧಾನವಾಗಿ ಕೇಳಿದ ಮೇಲೆ ಲೆಕ್ಕ ಬಿಚ್ಚಿಕೊಂಡಿತು. ಎರಡನೇ ದಿನಕ್ಕೆ ಅವಳ ಜ್ವರ ಬಿಟ್ಟಿತ್ತು. ಆದರೆ ಶೀಟ್ ಖಾಲಿ ಆಗಲೇಬೇಕು ಅಂತ ನಾನು ಹೇಳಿದ್ದೆನಲ್ಲ. ಗಂಡನಿಗೂ ಕೆಮ್ಮು, ಅವನಿಗೆ ಮೂರು. ಅತ್ತೆಗೆ ಗಂಟಲು ಕೆರೆತ, ಅವರಿಗೆ ಎರಡು. ಪಕ್ಕದ ಮನೆಯವಳಿಗೆ ಮೈಕೈ ನೋವು, ಅವಳಿಗೂ ಎರಡು. ಒಂದು ಮೇಸ್ತ್ರಿಗೆ.

ಮೊದಲು ಮಾತ್ರೆ ಹಂಚಿಕೊಳ್ಳುವುದು ಎಷ್ಟು ಅಪಾಯ ಅಂತ ಬಯ್ದೆ. ಆಮೇಲೆ ತೋಟದ ಕಳೆ ಉದಾಹರಣೆ ಕೊಟ್ಟೆ. ಎರಡು ದಿನ ಮಾತ್ರೆ ನುಂಗಿದರೆ ಮೇಲಿನ ಎಲೆ ಸವರಿದ ಹಾಗೆ, ಬೇರು ಒಳಗೇ ಇರುತ್ತದೆ, ಉಳಿದ ಮೂರು ದಿನದ ಮಾತ್ರೆ ಆ ಬೇರಿಗೆ ಅಂದೆ. ಅದು ಅವಳಿಗೆ ತಕ್ಷಣ ಹತ್ತಿತು. ಕಳೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಇನ್ನು ಮೇಲೆ ಯಾರಿಗೂ ಕೊಡುವುದಿಲ್ಲ ಅಂದಳು. ಮತ್ತೆ ಡಾಕ್ಟರ ಹತ್ತಿರ ಕಳಿಸುವಾಗ ಬಾಗಿಲಲ್ಲಿ ನಿಂತು, ತಾನು ತೀರಾ ತಿಳಿವಳಿಕೆ ಇಲ್ಲದವಳೇನಲ್ಲ ಅಂತ ನನಗೆ ಗೊತ್ತಾಗಲಿ ಅಂತ ಒಂದು ಮಾತು ಸೇರಿಸಿದಳು.

"ಮೇಸ್ತ್ರಿ ಎರಡು ಕೇಳಿದ್ರು ಅಕ್ಕ. ನಾನು ಕೊಡ್ಲಿಲ್ಲ. ಡಾಕ್ಟ್ರು ಹೇಳ್ದೆ ಜಾಸ್ತಿ ತಗೊಳ್ಬಾರ್ದು ಅಂದೆ."

ಸಂತೆ ದಿನ

ಇದು ನಾನೇ ಮಾಡಿದ ಎಡವಟ್ಟು. ಈಗ ನಗುತ್ತ ಹೇಳುತ್ತೇನೆ, ಅವತ್ತು ನಗು ಬಂದಿರಲಿಲ್ಲ.

ಕೈ ಬೆರಳಿನ ಗಂಟುಗಳೆಲ್ಲ ಊದಿಕೊಂಡಿದ್ದ ಅರವತ್ತರ ಆಸುಪಾಸಿನ ಒಬ್ಬರು ಚೀಟಿ ತಂದರು. ಗಂಟುನೋವಿಗೆ ಬರೆಯುವ ಆ ಮಾತ್ರೆಯನ್ನು ವಾರಕ್ಕೆ ಒಂದೇ ಸಲ ನುಂಗುವುದು. ಅದು ಮೈಯಲ್ಲಿ ಮೆಲ್ಲಗೆ ಕೆಲಸ ಮಾಡಿಕೊಂಡು ಇರುತ್ತದೆ. ವಾರದ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತ ಕೆಡುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ, ಜೀವಕ್ಕೇ ಬರುತ್ತದೆ. ಹಾಗಾಗಿ ಅದನ್ನು ಕೊಡುವಾಗ ನಾನು ತುಂಬ ಹುಷಾರು. ಕವರಿನ ಮೇಲೆ ವಾರದ ಹೆಸರು ಬರೆದು ಸುತ್ತ ಗೆರೆ ಎಳೆದು ಕೊಡುತ್ತಿದ್ದೆ.

ಅವರು ತನಗೆ ಓದಲು ಬರುವುದಿಲ್ಲ, ಬಾಯಲ್ಲಿ ಹೇಳಿ ಅಂದರು. ಅವತ್ತು ಮೂಡಿಗೆರೆ ಸಂತೆ. ನನಗೆ ಒಳ್ಳೆಯ ಉಪಾಯ ಹೊಳೆಯಿತು. ವಾರದ ಹೆಸರು ಮರೆಯಬಹುದು, ಸಂತೆ ಮರೆಯುವವರು ಯಾರಿದ್ದಾರೆ. ಸಂತೆ ದಿನ ಒಂದು ಮಾತ್ರೆ, ಬೇರೆ ದಿನ ಮುಟ್ಟಲೇಬಾರದು ಅಂದೆ. ಅವರು ಅಲ್ಲೇ ನೀರು ಕೇಳಿ ಒಂದು ಮಾತ್ರೆ ನುಂಗಿ, "ಸಂತೆ ದಿನ ಒಂದು, ಸರಿ" ಅಂತ ಹೇಳಿ ಹೋದರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಅದಾದ ಎರಡನೇ ದಿನ ನೆಂಟರ ಮನೆಗೆ ಅಂತ ಕಳಸದ ದಾರಿಯಲ್ಲಿ ಹೊರಟಿದ್ದೆ. ನಡುವೆ ಒಂದು ಊರಿನಲ್ಲಿ ಬಸ್ಸು ನಿಂತಿತು. ಅಲ್ಲಿ ಅವತ್ತು ಸಂತೆ. ಬೆಳ್ಳುಳ್ಳಿ ತಗೊಳ್ಳೋಣ ಅಂತ ಇಳಿದೆ. ಬೆಳ್ಳುಳ್ಳಿ ರಾಶಿಯ ಹಿಂದೆ ತಕ್ಕಡಿ ಹಿಡಿದು ಕೂತವರು ಅವರೇ. ನನ್ನನ್ನು ನೋಡಿ ಮುಖ ಅರಳಿತು. ಅಂಗಿ ಜೇಬಿನಿಂದ ನನ್ನದೇ ಅಂಗಡಿಯ ಕವರ್ ತೆಗೆದು ತೋರಿಸಿದರು.

"ನೆನಪಿದೆ ಅಕ್ಕ. ನಿನ್ನೆ ಸಂತೇಲೂ ತಗೊಂಡೆ. ಇವತ್ತಿಂದು ಈಗ ಟೀ ಕುಡಿದು ತಗೊಳ್ತೀನಿ."

ವಾರಕ್ಕೆ ಒಂದು ಸಂತೆ ಇರುವುದು ನಮ್ಮಂಥ ಕೊಳ್ಳುವವರಿಗೆ. ಮಾರುವವರು ದಿನಕ್ಕೊಂದು ಊರಿನಲ್ಲಿ ಇರುತ್ತಾರೆ. ಕವರ್ ಕಿತ್ತುಕೊಂಡೆ. ಬೆಳ್ಳುಳ್ಳಿ ರಾಶಿಯನ್ನು ಪಕ್ಕದ ಮೆಣಸಿನಕಾಯಿಯವರಿಗೆ ಒಪ್ಪಿಸಿ, ಇವರನ್ನು ಮುಂದಿನ ಬಸ್ಸಿಗೆ ಹತ್ತಿಸಿಕೊಂಡು ವಾಪಸ್ ಮೂಡಿಗೆರೆಗೆ, ಸೀದಾ ಡಾಕ್ಟರ ಹತ್ತಿರ ಬಂದೆ. ದಾರಿಯುದ್ದಕ್ಕೂ ಅವರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು, ನಂಗೇನೂ ಆಗಿಲ್ಲ, ನೀವು ಯಾಕೆ ಬೆವರ್ತೀರಿ ಅಂತ. ರಕ್ತ ಪರೀಕ್ಷೆ ಆಯಿತು. ಎರಡೇ ಮಾತ್ರೆ ಆಗಿದ್ದರಿಂದ ಬಚಾವಾದರು. ಡಾಕ್ಟರು ಒಂದು ಔಷಧ ಕೊಟ್ಟು, ಕೆಲವು ವಾರ ಆ ಮಾತ್ರೆ ಬೇಡ ಅಂದರು. ನನಗೂ ಬೇರೆಯಾಗಿ ಕರೆದು ಹೇಳಬೇಕಾದ್ದನ್ನು ಹೇಳಿದರು.

ಮತ್ತೆ ಶುರು ಮಾಡುವಾಗ ನಾವಿಬ್ಬರೂ ಕೂತು ಯೋಚಿಸಿದೆವು. ಅವರಿಗೆ ವಾರದಲ್ಲಿ ಒಂದೇ ದಿನ ಸಂತೆ ಇಲ್ಲ, ಅವತ್ತು ಮನೆಯಲ್ಲಿರುತ್ತಾರೆ. ಹಾಗಾದರೆ ಸಂತೆ ಇಲ್ಲದ ದಿನ ತಗೊಳ್ಳಿ ಅಂದೆ. ಇದಕ್ಕಿಂತ ಭದ್ರವಾದ ಏರ್ಪಾಡು ಇಲ್ಲ ಅನ್ನಿಸಿತು.

ಜೂನ್ ಬಂತು. ಒಂದು ಸಂಜೆ ಅವರು ಛತ್ರಿ ಮಡಿಸಿ ಅಂಗಡಿಯೊಳಗೆ ಬಂದು, ಕವರ್ ಕೌಂಟರಿನ ಮೇಲಿಟ್ಟು, ಬಹಳ ಗಂಭೀರವಾಗಿ ಕೇಳಿದರು.

"ಅಕ್ಕ, ಈ ವಾರ ಮಳೆಗೆ ಮೂರು ಸಂತೆ ಸೇರ್ಲೇ ಇಲ್ಲ. ಮೂರೂ ದಿನದ್ದು ಒಟ್ಟಿಗೆ ತಗೊಳ್ಳೋದೋ, ಬೇರೆ ಬೇರೆಯೋ?"

ನಾಲ್ಕು ಗಂಟೆಯ ಬಿಪಿ

ವಸ್ತಾರೆ ಕಡೆಯ ನಿವೃತ್ತ ಗಣಿತ ಮೇಷ್ಟ್ರು ಒಬ್ಬರಿಗೆ ಬಿಪಿ ಇದೆ ಅಂತ ಗೊತ್ತಾಯಿತು. ಡಾಕ್ಟರು ಬೆಳಗ್ಗೆ ಒಂದು ಮಾತ್ರೆ ಬರೆದಿದ್ದರು. ಮೇಷ್ಟ್ರು ಮಾತ್ರೆಯ ಜೊತೆ ಬಿಪಿ ನೋಡುವ ಮಿಷಿನ್ನನ್ನೂ ಕೊಂಡುಕೊಂಡರು. ನಾಲ್ಕನೇ ದಿನಕ್ಕೆ ವಾಪಸ್ ಬಂದು, ಮಾತ್ರೆ ಕೆಲಸ ಮಾಡುತ್ತಿಲ್ಲ ಅಂದರು. ವಾರ ಹತ್ತು ದಿನ ಬೇಕು ಮೇಷ್ಟ್ರೇ ಅಂದೆ. ತಲೆನೋವಿನ ಮಾತ್ರೆ ಅರ್ಧ ಗಂಟೆಗೆ ಕೆಲಸ ಮಾಡುತ್ತದೆ, ಇದಕ್ಕೆ ಯಾಕೆ ಹತ್ತು ದಿನ ಅಂತ ಕೇಳಿದರು. ಅವರಿಗೆ ಕಾರಣ ಹೇಳದೆ ಏನೂ ಕೊಡಲಾಗುವುದಿಲ್ಲ.

ನಾನು ಹಂಡೆಯ ಲೆಕ್ಕ ಹೇಳಿದೆ. ಒಂದು ತೂತಿರುವ ಹಂಡೆ. ದಿನಾ ಬೆಳಗ್ಗೆ ಒಂದು ಕೊಡ ನೀರು ಹಾಕುತ್ತೀರಿ. ಮಾರನೇ ಬೆಳಗ್ಗೆ ಹೊತ್ತಿಗೆ ಇದ್ದದ್ದರಲ್ಲಿ ಅರ್ಧ ಸೋರಿರುತ್ತದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಮತ್ತೆ ಒಂದು ಕೊಡ. ಮೇಷ್ಟ್ರು ನನ್ನನ್ನು ಅಲ್ಲಿಗೇ ನಿಲ್ಲಿಸಿ, ಬಿಲ್ ಪುಸ್ತಕದ ಹಿಂಭಾಗ ಕೇಳಿ ತಗೊಂಡು ಬರೆಯತೊಡಗಿದರು. ಒಂದು. ಒಂದೂವರೆ. ಒಂದೂಮುಕ್ಕಾಲು. ಹಾಗೇ ಕೆಳಗೆ ಹೋದರು. ಹಿಂದೆ ನಾಲ್ಕು ಜನ ಗಿರಾಕಿ ಕಾಯುತ್ತಿದ್ದರು. ಕೊನೆಗೆ ಪೆನ್ನು ಎತ್ತಿ, ಇದು ಎರಡರ ಹತ್ತಿರ ಹತ್ತಿರ ಹೋಗುತ್ತದೆ, ಎರಡು ಆಗುವುದೇ ಇಲ್ಲ ಅಂದರು. ಮುಖದಲ್ಲಿ ಎಂಥದೋ ಬೆಳಕು.

"ಮೂವತ್ತು ವರ್ಷ ಇದನ್ನೇ ಮಕ್ಕಳಿಗೆ ಹೇಳಿಕೊಟ್ಟಿದ್ದೀನಮ್ಮ. ನನ್ನ ಮೈಯೊಳಗೇ ಇದು ನಡೆಯುತ್ತೆ ಅಂತ ಯಾರೂ ಹೇಳಿರಲಿಲ್ಲ."

ಹತ್ತು ದಿನ ಕಾದರು. ಬಿಪಿ ಇಳಿಯಿತು. ಆದರೆ ಇನ್ನೊಂದು ತೊಂದರೆ ಹಿಡಿದುಕೊಂಡು ಬಂದರು. ಗ್ರಾಫ್ ಹಾಳೆಯಲ್ಲಿ ಗಂಟೆಗಂಟೆಯ ಬಿಪಿ ಚುಕ್ಕಿ ಇಟ್ಟು ಗೆರೆ ಎಳೆದಿದ್ದರು. ಬೆಳಗ್ಗೆಯಿಂದ ಗೆರೆ ಸಮತಟ್ಟು, ಸಂಜೆ ನಾಲ್ಕಕ್ಕೆ ನೇರ ಮೇಲಕ್ಕೆ ಎದ್ದು, ಐದಕ್ಕೆ ಮತ್ತೆ ಕೆಳಗೆ. ದಿನಾ ಹಾಗೇ. ಮಾತ್ರೆಯ ಶಕ್ತಿ ನುಂಗಿದ ಒಂಬತ್ತೇ ತಾಸಿನಲ್ಲಿ ಮುಗಿದುಹೋಗುತ್ತಿದೆ, ಮಧ್ಯಾಹ್ನ ಇನ್ನರ್ಧ ಬೇಕು ಅನ್ನುವುದು ಅವರ ಸಿದ್ಧಾಂತ. ಮುಗಿದುಹೋದದ್ದು ಐದಕ್ಕೆ ಮತ್ತೆ ಹೇಗೆ ಬರುತ್ತದೆ ಅಂತ ನಾನು ಕೇಳಿದ್ದಕ್ಕೆ, ಅದು ಮುಂದಿನ ಸಂಶೋಧನೆ ಅಂದರು. ಡಾಕ್ಟರನ್ನು ಕೇಳದೆ ಒಂದು ಚೂರೂ ಹೆಚ್ಚು ತಗೊಳ್ಳಬೇಡಿ ಅಂತ ಹೇಳಿ ಕಳಿಸಿದೆ.

ಎರಡು ದಿನಕ್ಕೆ ಅವರ ಹೆಂಡತಿ ಫೋನ್ ಮಾಡಿದರು. ಮೇಷ್ಟ್ರು ಮಧ್ಯಾಹ್ನ ಅರ್ಧ ಮಾತ್ರೆ ಜಾಸ್ತಿ ನುಂಗಿದ್ದರು, ಕಣ್ಣು ಕತ್ತಲೆ ಬಂದು ಹಿತ್ತಲಲ್ಲಿ ಕುಸಿದು ಕೂತಿದ್ದರು. ಪೆಟ್ಟಾಗಿಲ್ಲ, ಈಗ ಎದ್ದು ಕೂತಿದ್ದಾರೆ, ಆದರೆ ಹೇಳಿದ ಮಾತು ಕೇಳುವುದಿಲ್ಲ ಅಂತ ಹೇಳಿಕೊಂಡರು. ಡಾಕ್ಟರಿಗೆ ವಿಷಯ ತಿಳಿಸಿದೆ. ಮೊದಲು ಆ ಹೆಚ್ಚಿನ ಅರ್ಧ ನಿಲ್ಲಿಸಲಿ, ನಾಲ್ಕು ಗಂಟೆಗೆ ಆ ಮನೆಯಲ್ಲಿ ಏನು ನಡೆಯುತ್ತದೆ ಅಂತ ಯಾರಾದರೂ ನೋಡಬೇಕಲ್ಲ ಅಂದರು. ಭಾನುವಾರ ಚಿಕ್ಕಮಗಳೂರಿನ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರ ಮನೆ ಹತ್ತಿರ ನಾನೇ ಇಳಿದೆ.

ಮೂರೂವರೆಗೆ ನೋಡಿದಾಗ ಬಿಪಿ ಸರಿಯಾಗಿತ್ತು. ಕಾಫಿ ಕೊಟ್ಟರು, ಕುಡಿದೆವು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಾಡಿನ ಮೇಲೆ ಧಡಧಡ ಶಬ್ದ. ಮೇಷ್ಟ್ರು ಮಾತು ಅರ್ಧಕ್ಕೆ ಬಿಟ್ಟು, ಬಾಗಿಲ ಹಿಂದಿನ ಕೋಲು ಹಿಡಿದು, ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಓಡಿದರು. ಕಿತ್ತಳೆ ಮರದ ತುಂಬ ಮಂಗಗಳು. ಅವು ಒಂದು ಮರದಿಂದ ಇನ್ನೊಂದಕ್ಕೆ, ಇವರು ಕೆಳಗಿನಿಂದ ಅದೇ ವೇಗದಲ್ಲಿ. ದಿನವೂ ಇದೇ ಹೊತ್ತಿಗೆ ಬರುತ್ತವೆ ಅಂತ ಅವರ ಹೆಂಡತಿ ಹೇಳಿದರು. ಕಾಲು ಗಂಟೆ ಯುದ್ಧ ನಡೆಸಿ ಮೇಷ್ಟ್ರು ಏದುಸಿರು ಬಿಡುತ್ತ ಬಂದು, ಗಡಿಯಾರ ನೋಡಿ, ನಾಲ್ಕು ಗಂಟೆಯ ಚುಕ್ಕಿಗೆ ತಡವಾಯಿತು ಅಂತ ಅವಸರದಲ್ಲಿ ತೋಳಿಗೆ ಪಟ್ಟಿ ಸುತ್ತಿಕೊಂಡರು. ಬಿಪಿ ಗ್ರಾಫಿನಲ್ಲಿದ್ದ ಹಾಗೇ ಮೇಲಕ್ಕೆ ಎದ್ದಿತ್ತು.

ಹತ್ತು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ ಅಂದೆ. ನೋಡಿದರು. ಇಳಿದಿತ್ತು. ಮತ್ತೆ ಐದು ನಿಮಿಷ ಬಿಟ್ಟು ನೋಡಿದರು. ಇನ್ನೂ ಇಳಿದಿತ್ತು. ಮೇಷ್ಟ್ರು ಗ್ರಾಫ್ ಹಾಳೆ ತೆಗೆದು ನಾಲ್ಕು ಗಂಟೆಯ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದರು. ಅಷ್ಟು ಚೆಂದದ ಸಿದ್ಧಾಂತ ಬಿದ್ದುಹೋದ ಬೇಸರ ಅವರಿಗೆ. ಆಮೇಲೆ ತಲೆ ಎತ್ತಿ ಕೇಳಿದರು.

"ಅಂದ್ರೆ ಮಾತ್ರೆ ಇಪ್ಪತ್ನಾಲ್ಕು ಗಂಟೇನೂ ಕೆಲಸ ಮಾಡ್ತಿದೆ."

ಹೌದು ಅಂದೆ.

"ಹಾಗಾದ್ರೆ ತೊಂದರೆ ಇರೋದು ಅವುಗಳಲ್ಲಿ. ಒಂದು ಮಂಗಕ್ಕೆ ಎಷ್ಟು ಎಂಜಿ ಕೊಡಬಹುದು?"

ಕಾಫಿ ಅಲ್ಲದ್ದು

ಬಾಬಾಬುಡನ್‌ಗಿರಿ ತಪ್ಪಲಲ್ಲಿ ತೋಟ ಇರುವ ಒಬ್ಬ ಎಸ್ಟೇಟ್ ಯಜಮಾನರ ಹೆಂಡತಿಗೆ, ನಾವೆಲ್ಲ ಅಮ್ಮ ಅನ್ನುವವರಿಗೆ, ಥೈರಾಯ್ಡ್ ಕಮ್ಮಿ ಅಂತ ಗೊತ್ತಾಯಿತು. ಅವರ ತಂಗಿಯ ಮನೆ ನಮ್ಮ ಮೂಡಿಗೆರೆಯಲ್ಲಿ, ಹಾಗಾಗಿ ಮಾತ್ರೆ ನನ್ನಿಂದಲೇ ಹೋಗುತ್ತಿತ್ತು. ಈ ಮಾತ್ರೆಯದು ಒಂದೇ ಹಟ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು, ಒಂದು ಗಂಟೆ ಕಾಫಿ ಕುಡಿಯಬಾರದು. ಕಾಫಿ ಜೊತೆಗೆ ಹೋದರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ನಮ್ಮ ಸೀಮೆಯಲ್ಲಿ ಈ ಮಾತು ಹೇಳುವುದು ನನಗೆ ಯಾವಾಗಲೂ ಕಷ್ಟ. ಕೇಳಿದವರೆಲ್ಲ, ಉಸಿರಾಡಬೇಡಿ ಅಂದ ಹಾಗೆ ನೋಡುತ್ತಾರೆ. ಅಮ್ಮ ಮಾತ್ರ ಆಗಲಿ, ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ ಅಂತ ಒಪ್ಪಿಕೊಂಡರು.

ಇದು ನಿಧಾನದ ಮಾತ್ರೆ. ಇವತ್ತು ನುಂಗಿದ್ದರಲ್ಲಿ ಅರ್ಧ ಮುಂದಿನ ವಾರವೂ ಮೈಯಲ್ಲಿರುತ್ತದೆ. ಒಂದರ ಮೇಲೊಂದು ಸೇರುತ್ತ ಸೇರುತ್ತ ಒಂದು ಮಟ್ಟಕ್ಕೆ ಬರಲು ಒಂದೂವರೆ ತಿಂಗಳು ಬೇಕು. ಆಮೇಲೆ ರಕ್ತ ಪರೀಕ್ಷೆ. ಅಮ್ಮನದು ಒಂದೂವರೆ ತಿಂಗಳಾದರೂ ಸರಿಹೋಗಲಿಲ್ಲ. ಡಾಕ್ಟರು ಡೋಸ್ ಏರಿಸಿದರು. ಮತ್ತೆ ಒಂದೂವರೆ ತಿಂಗಳು, ಅದೇ ರಿಪೋರ್ಟು. ಮತ್ತೆ ಏರಿಸಿದರು. ಅಮ್ಮನಿಗೆ ಕೂತಲ್ಲೇ ಜೊಂಪು, ಮೈಯೆಲ್ಲ ಭಾರ, ಕೂದಲು ಉದುರುವುದು ನಿಲ್ಲಲಿಲ್ಲ. ಮನೆಯ ಯಾವ ಕೆಲಸಕ್ಕೂ ಮನಸ್ಸಿಲ್ಲದೆ ಕಿಟಕಿ ಹತ್ತಿರ ಕೂತುಬಿಡುತ್ತಿದ್ದರಂತೆ.

ಒಂದು ದಿನ ಯಜಮಾನರೇ ಅಂಗಡಿಗೆ ಬಂದರು. ದೊಡ್ಡ ದನಿಯ ಮನುಷ್ಯರಲ್ಲ. ಗಿರಾಕಿಗಳೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಹತ್ತಿರ ಬಂದು ಹೇಳಿದರು.

"ತಪ್ಪು ತಿಳ್ಕೊಬೇಡಮ್ಮ. ಮಾತ್ರೆ ಅಸಲಿ ತಾನೆ?"

ಅವರು ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬ್ಯಾಚ್ ನಂಬರು, ಕಂಪನಿಯ ಬಿಲ್ಲು, ತಾರೀಕು ಎಲ್ಲ ತೆಗೆದು ತೋರಿಸಿದೆ. ಅವರು ಸರಿ ಸರಿ ಅಂದರು, ಆದರೆ ನಂಬಿದ ಹಾಗೆ ಕಾಣಲಿಲ್ಲ. ನನಗೆ ನಿದ್ದೆ ಹತ್ತದಾಯಿತು. ಅದೇ ಮಾತ್ರೆ ಬೇರೆ ಹತ್ತು ಜನರಿಗೆ ಸರಿಯಾಗಿ ಕೆಲಸ ಮಾಡುತ್ತಿದೆ. ಇವರೊಬ್ಬರ ಮೈಯೊಳಗೆ ಅದು ಎಲ್ಲಿಗೆ ಹೋಗುತ್ತಿದೆ? ಅಮ್ಮನಿಗೆ ಫೋನ್ ಮಾಡಿ, ನಿಮ್ಮ ಮನೆಗೆ ಬಂದು ಒಂದು ದಿನ ಇರುತ್ತೇನೆ, ಬೆಳಗ್ಗೆ ಮಾತ್ರೆ ತಗೊಳ್ಳುವುದನ್ನು ನೋಡಬೇಕು ಅಂದೆ. ಅವರಿಗೆ ಸಂತೋಷವೇ ಆಯಿತು.

ಬೆಳಗ್ಗೆ ಆರಕ್ಕೆ ಸರಿಯಾಗಿ ಅಡುಗೆಮನೆಯಲ್ಲಿ ನಾವಿಬ್ಬರೂ ಕೂತೆವು. ಅಮ್ಮ ಕೈ ತೊಳೆದುಕೊಂಡು ಬಂದು, ದೇವರ ಪ್ರಸಾದ ತಗೊಳ್ಳುವವರ ಹಾಗೆ ಮಾತ್ರೆಯನ್ನು ನಾಲಿಗೆ ಮೇಲಿಟ್ಟುಕೊಂಡು, ಒಲೆಯ ಪಕ್ಕದ ಪಾತ್ರೆಯಿಂದ ದೊಡ್ಡ ಲೋಟಕ್ಕೆ ಬಿಸಿಬಿಸಿಯಾಗಿ ಬಗ್ಗಿಸಿಕೊಂಡು ಕುಡಿದರು. ಲೋಟದಿಂದ ಬಂದ ಘಮಕ್ಕೆ ನನ್ನ ಉಳಿದ ನಿದ್ದೆಯೂ ಹಾರಿಹೋಯಿತು.

"ಅಮ್ಮ, ಅದೇನು ಕುಡಿದಿದ್ದು?"

"ಬಿಸ್ನೀರು."

"ಕಪ್ಪಗಿದೆಯಲ್ಲಮ್ಮ."

"ಬರೀ ನೀರು ಬೆಳಗ್ಗೆ ಬೆಳಗ್ಗೆ ಇಳಿಯಲ್ಲ. ಒಂಚೂರು ಬೆಲ್ಲ, ಒಂಚೂರು ಪುಡಿ ಹಾಕಿರ್ತೀನಿ. ಕಾಫಿ ಏಳು ಗಂಟೆಗೇ ಕುಡಿಯೋದು, ಇವರನ್ನ ಕೇಳು ಬೇಕಾದ್ರೆ."

ಯಜಮಾನರು ಅಷ್ಟರಲ್ಲಿ ಎದ್ದು ಬಂದಿದ್ದರು. ಅದು ಬೆಲ್ಲದ ಕಾಫಿ ಅಲ್ಲವೇ ಅಂತ ಅವರನ್ನು ಕೇಳಿದೆ. ಅವರು ಹೆಂಡತಿಯ ಪರವಾಗಿ ಖಡಾಖಂಡಿತ ನಿಂತರು. ಹಾಲು ಬೀಳದೆ ಇರುವುದನ್ನು ತಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಯಾರೂ ಕಾಫಿ ಅಂದಿಲ್ಲ, ಅದು ಬಾಯಿ ಮುಕ್ಕಳಿಸಿದ ಹಾಗೆ ಅಷ್ಟೆ ಅಂದರು.

ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ಕಾಫಿಯ ಜೊತೆ ನುಂಗುತ್ತಿದ್ದಾಗ ಏರಿಸಿದ ಡೋಸು ಬರೀ ನೀರಿನ ಜೊತೆ ಹೋದರೆ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳಬಹುದು ಅಂತ ಅವರು ಕೂಡಲೇ ಇಳಿಸಿದರು. ಮುಂದಿನ ಒಂದೂವರೆ ತಿಂಗಳಿಗೆ ರಿಪೋರ್ಟು ಸರಿಯಾಗಿ ಬಂತು. ಅಮ್ಮ ಕಿಟಕಿ ಬಿಟ್ಟೆದ್ದು ಕಣದಲ್ಲಿ ಕಾಫಿ ಒಣಗಿಸುವವರ ಮೇಲೆ ಮೊದಲಿನ ಹಾಗೆ ಜೋರು ಮಾಡುತ್ತಿದ್ದಾರೆ ಅಂತ ಸುದ್ದಿಯೂ ಬಂತು.

ಯಜಮಾನರು ಒಂದು ಡಬ್ಬಿ ಕಾಫಿ ಪುಡಿ ಹಿಡಿದು ಅಂಗಡಿಗೆ ಬಂದರು. ಅವತ್ತು ಹಾಗೆ ಕೇಳಬಾರದಿತ್ತು ಅಂದರು. ಹೊರಡುವಾಗ ಅವರು ಒಂದು ವಿಷಯ ಸ್ಪಷ್ಟ ಮಾಡಿಕೊಂಡರು. ಒಂಚೂರು ಪುಡಿ ಅಷ್ಟು ತಿಂಗಳು ಇಂಗ್ಲಿಷ್ ಮಾತ್ರೆಯನ್ನು ತಡೆದು ನಿಲ್ಲಿಸಿದ್ದು ನಿಜ ತಾನೆ? ನಿಜ ಅಂದೆ. ಅವರ ಬೆನ್ನು ನೆಟ್ಟಗಾಯಿತು.

"ಅದಕ್ಕೇ ಹೇಳೋದು. ನಮ್ಮದು ಅರೇಬಿಕಾ. ಪಕ್ಕದ ತೋಟದವರ ರೊಬಸ್ಟಾ ಕುಡಿದಿದ್ರೆ ಮಾತ್ರೆ ಆರಾಮಾಗಿ ಕೆಲಸ ಮಾಡ್ತಿತ್ತು."

ದಿಬ್ಬಣ

ನನ್ನ ಗಂಡನ ಅಣ್ಣನ ಮಗನಿಗೆ ಬೆಳ್ತಂಗಡಿ ಕಡೆಯ ಹುಡುಗಿ ಗೊತ್ತಾದಳು. ಮದುವೆ ಹೆಣ್ಣಿನ ಊರಲ್ಲಿ, ಮುಹೂರ್ತ ಹನ್ನೆರಡೂಕಾಲಿಗೆ. ನಾವು ಮೂಡಿಗೆರೆಯಿಂದ ಬಸ್ಸು ಮಾಡಿಕೊಂಡು ಚಾರ್ಮಾಡಿ ಘಾಟಿ ಇಳಿದು ಹೋಗಬೇಕು. ನನ್ನ ಗಂಡನ ವಂಶಕ್ಕೆ ಘಾಟಿ ಆಗುವುದಿಲ್ಲ. ಮೊದಲ ತಿರುವಿಗೆ ಒಬ್ಬರು ಶುರು ಮಾಡಿದರೆ ಕೊನೆಯ ತಿರುವಿಗೆ ಎಲ್ಲರದೂ ಮುಗಿದಿರುತ್ತದೆ. ನಿಶ್ಚಿತಾರ್ಥದ ದಿನ ಹಾಗೇ ಆಗಿ, ಬೀಗರ ಮನೆಯ ಅಂಗಳದಲ್ಲಿ ಮೊದಲು ಕೇಳಿದ್ದೇ ಸೀರೆ ತೊಳೆಯಲು ನೀರು. ಈ ಸಲ ಮರ್ಯಾದೆ ಉಳಿಸುವ ಜವಾಬ್ದಾರಿಯನ್ನು ಭಾವ ನನಗೆ ಒಪ್ಪಿಸಿದರು.

ವಾಂತಿ ತಡೆಯುವ ಮಾತ್ರೆಯನ್ನು ಪ್ರಯಾಣಕ್ಕೆ ಅರ್ಧ ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಅದೂ ಹೊರಗೇ ಬರುತ್ತದೆ. ಸ್ವಲ್ಪ ನಿದ್ದೆ ಬರಿಸುತ್ತದೆ, ಕೆಲವು ಗಂಟೆ ಇರುತ್ತದೆ. ಬಸ್ಸು ಆರಕ್ಕೆ ಅಂದಿದ್ದರು. ನಾನು ಐದೂವರೆಗೆ ಸಾಲಾಗಿ ನಿಲ್ಲಿಸಿ ಎಲ್ಲ ದೊಡ್ಡವರಿಗೂ ಒಂದೊಂದು ನುಂಗಿಸಿದೆ. ಮದುಮಗನಿಗೂ ಕೊಟ್ಟೆ, ನಾನೂ ತಗೊಂಡೆ. ಡ್ರೈವರಿಗೆ ಮಾತ್ರ ಯಾರೂ ಕೊಡಬಾರದು ಅಂತ ಗಟ್ಟಿಯಾಗಿ ಹೇಳಿದೆ. ಮಿಕ್ಕ ಮಾತ್ರೆಯ ಪೊಟ್ಟಣವನ್ನು ಭಾವನ ಕೈಗೆ ಕೊಟ್ಟೆ.

ಬಸ್ಸು ಆರಕ್ಕೆ ಬರಲಿಲ್ಲ. ಎಲ್ಲೋ ಬೆಲ್ಟ್ ತುಂಡಾಗಿತ್ತಂತೆ. ಏಳಾಯಿತು, ಎಂಟಾಯಿತು. ರೇಷ್ಮೆ ಸೀರೆ ಉಟ್ಟ ಹೆಂಗಸರು ಜಗಲಿಯ ಮೇಲೆ ಒಬ್ಬರ ಹೆಗಲಿಗೆ ಒಬ್ಬರು ಒರಗಿದರು. ಪೇಟ ಸುತ್ತಿಕೊಂಡ ಮದುಮಗ ಕಂಬಕ್ಕೆ ತಲೆ ಆನಿಸಿದ. ಅಷ್ಟು ಹೊತ್ತಿಗೆ ನಾನೂ ಯಾವುದೋ ಗೋಡೆಗೆ ಒರಗಿದ್ದೆ. ಎಂಟೂವರೆಗೆ ಬಸ್ಸು ಬಂದು, ಡ್ರೈವರು ಮತ್ತು ಕ್ಲೀನರು ನಮ್ಮನ್ನೆಲ್ಲ ಕೈ ಹಿಡಿದು ಹತ್ತಿಸಿದರಂತೆ. ನನಗೆ ನೆನಪಿಲ್ಲ.

ಮುಂದಿನದ್ದು ನನಗೆ ಆಮೇಲೆ ತಿಳಿದದ್ದು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಭಾವನಿಗೆ ಎಚ್ಚರವಾಯಿತು. ಇನ್ನು ಘಾಟಿ ಶುರು. ಅವರು ಕೂತು ಲೆಕ್ಕ ಹಾಕಿದರು. ಅರ್ಧ ಗಂಟೆ ಮೊದಲು ನುಂಗಬೇಕಾದ್ದನ್ನು ನಾವು ಮೂರು ಗಂಟೆಗೂ ಮೊದಲೇ ನುಂಗಿದ್ದೇವೆ, ಅದು ಲೆಕ್ಕಕ್ಕಿಲ್ಲ. ಪೊಟ್ಟಣ ಹೇಗೂ ಅವರ ಕೈಯಲ್ಲೇ ಇತ್ತು. ಪ್ರತಿ ಸೀಟಿಗೂ ಹೋಗಿ, ಅರೆನಿದ್ದೆಯಲ್ಲಿದ್ದವರನ್ನು ಎಬ್ಬಿಸಿ, ಇನ್ನೊಂದೊಂದು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಸಿದರು. ನನಗೂ ಹಾಕಿದರು. ನಾನು ಥ್ಯಾಂಕ್ಸ್ ಅಂದೆನಂತೆ.

ಘಾಟಿಯಲ್ಲಿ ಒಬ್ಬರೂ ವಾಂತಿ ಮಾಡಲಿಲ್ಲ.

ಹನ್ನೊಂದೂವರೆಗೆ ಛತ್ರದ ಮುಂದೆ ಬಸ್ಸು ನಿಂತಿತು. ವಾಲಗ ಊದಿದರು. ಹೆಣ್ಣಿನ ಕಡೆಯವರು ಆರತಿ ತಟ್ಟೆ, ಪಾನಕ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮ ದಿಬ್ಬಣ ಇಳಿಯಿತು. ಹೇಗೆ ಇಳಿಯಿತು ಅಂದರೆ, ಒಬ್ಬರು ಮೆಟ್ಟಿಲ ಮೇಲೇ ಕೂತರು, ಇಬ್ಬರು ಪಕ್ಕದ ಮನೆಯ ಗೇಟಿನೊಳಗೆ ಹೋದರು. ಮದುಮಗ ಆರತಿ ಎತ್ತಲು ಬಂದವರ ಎದುರಿಗೆ ನಿಂತು ಕಣ್ಣು ಮುಚ್ಚಿದವನು ತೆರೆಯಲಿಲ್ಲ. ಹೆಣ್ಣಿನ ಕಡೆ ಗುಸುಗುಸು ಶುರುವಾಯಿತು. ಹುಡುಗಿಯ ಸೋದರಮಾವ ಹತ್ತಿರ ಬಂದು ನಮ್ಮ ಭಾವನ ಬಾಯಿಯ ವಾಸನೆ ನೋಡಿದರು. ಹುಡುಗಿಯ ಅಪ್ಪನ ಮುಖ ಕೆಂಪಾಗಿತ್ತು.

"ಎಂತ ಇದು? ಮದುವೆಗೆ ಎಲ್ಲ ಕುಡಿದು ಬಂದದ್ದಾ?"

ಆ ಮಾತು ಕೇಳಿ ನನಗೆ ಮಾತ್ರ ಪೂರ್ತಿ ಎಚ್ಚರವಾಯಿತು. ಇನ್ನೊಂದು ನಿಮಿಷ ಬಿಟ್ಟರೆ ಮದುವೆ ಮುರಿಯುತ್ತದೆ ಅನ್ನಿಸಿತು. ಭಾವನ ಜೇಬಿನಿಂದ ಖಾಲಿ ಶೀಟುಗಳನ್ನು ತೆಗೆದು ಅವರ ಮುಂದೆ ಹಿಡಿದು, ನಾಲಿಗೆ ಹೊರಳದಿದ್ದರೂ ಎಲ್ಲ ಬಿಡಿಸಿ ಹೇಳಿದೆ. ಒಂದನೇ ಮಾತ್ರೆ ಐದೂವರೆಗೆ ಕೊಟ್ಟದ್ದು, ಅದು ಇಳಿಯುವ ಮೊದಲೇ ಎರಡನೆಯದು ಬಿದ್ದದ್ದು, ಈಗ ಎರಡೂ ಸೇರಿ ತುದಿಗೆ ಏರಿರುವುದು. ನನ್ನ ಮೇಷ್ಟ್ರು ಬೋರ್ಡಿನಲ್ಲಿ ಎಳೆದ ಹಾಗೆ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದೆ. ಅಲ್ಲಿ ಒಬ್ಬ ಡಾಕ್ಟರು ಊಟಕ್ಕೆ ಬಂದವರಿದ್ದರು. ಅವರು ಶೀಟ್ ಓದಿ, ನಾಲ್ಕಾರು ಜನರ ನಾಡಿ ಹಿಡಿದು ನೋಡಿ, ಹೆದರುವಂಥದ್ದೇನಿಲ್ಲ, ನಿದ್ದೆ ಅಷ್ಟೆ ಅಂದರು. ಹುಡುಗಿಯ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು.

"ಯಾವಾಗ ಎಚ್ಚರ ಆಗ್ತದೆ ಇವರಿಗೆ?"

ನಾಲ್ಕು ಗಂಟೆ ಹೊತ್ತಿಗೆ ಅಂದೆ. ಮುಹೂರ್ತ ಹನ್ನೆರಡೂಕಾಲಿಗೆ ಅಂತ ಅವರು ಹೇಳಿದರು, ನನಗೆ ಗೊತ್ತಿಲ್ಲ ಅನ್ನುವ ಹಾಗೆ.

ಮದುವೆ ಆಯಿತು. ಮದುಮಗನ ಮುಖಕ್ಕೆ ಎರಡು ಸಲ ತಣ್ಣೀರು ಹಾಕಿದರು. ತಾಳಿ ಕಟ್ಟುವಾಗ ಎರಡು ಗಂಟು ಸರಿಯಾಗಿ ಹಾಕಿದ. ಮೂರನೆಯದಕ್ಕೆ ಮೊದಲು ಅವಳ ಹೆಗಲ ಮೇಲೆ ತಲೆ ಇಟ್ಟ. ಹುಡುಗಿ ಮೊಣಕೈಯಿಂದ ಒಂದು ತಿವಿದಳು, ಅದರ ಮೇಲೆ ಅವನು ನಾಲ್ಕು ಗಂಟು ಹಾಕಿದ. ನಮ್ಮವರೆಲ್ಲ ಎಲೆಯ ಮುಂದೆ ಕೂತು, ಬಡಿಸಿದ್ದನ್ನು ಕಣ್ಣು ಮುಚ್ಚಿಕೊಂಡು ತಿಂದು, ಕೈ ತೊಳೆದು ಬಂದು ಮತ್ತೆ ಕುರ್ಚಿಗಳಲ್ಲಿ ಮಲಗಿದರು. ಸರಿಯಾಗಿ ನಾಲ್ಕಕ್ಕೆ ಒಬ್ಬೊಬ್ಬರೇ ಎದ್ದು, ಮದುಮಗ ಎಲ್ಲಿ ಅಂತ ಕೇಳತೊಡಗಿದರು.

ನಾನು ಆ ಬೀಗರ ಮುಖ ನೋಡಲು ಆರು ತಿಂಗಳು ನಾಚಿಕೊಂಡೆ. ಆಮೇಲೆ ಒಂದು ದಿನ ಹುಡುಗಿಯ ಅಪ್ಪನೇ ಅಂಗಡಿಗೆ ಫೋನ್ ಮಾಡಿದರು. ಹೇಗೆ ಕ್ಷಮೆ ಕೇಳಬೇಕು ಅಂತ ನಾನು ಮಾತು ಹುಡುಕುತ್ತಿರುವಾಗಲೇ ಅವರು ಶುರು ಮಾಡಿದರು. ತಮ್ಮ ಊರಿನಲ್ಲಿ ಇವತ್ತಿಗೂ ಆ ಮದುವೆಯದ್ದೇ ಮಾತಂತೆ. ಅಂಥ ಗಂಡಿನ ಕಡೆಯವರನ್ನು ಯಾರೂ ಕಂಡಿಲ್ಲವಂತೆ. ಸಾರಿಗೆ ಉಪ್ಪಿಲ್ಲ ಅನ್ನಲಿಲ್ಲ, ಪಾಯಸ ಎರಡನೇ ಸಲ ಬರಲಿಲ್ಲ ಅನ್ನಲಿಲ್ಲ, ಕುರ್ಚಿ ಯಾಕೆ ಹಿಂದೆ ಹಾಕಿದ್ದು ಅಂತ ಕೇಳಲಿಲ್ಲ. ಆಮೇಲೆ ದನಿ ತಗ್ಗಿಸಿ, ಫೋನು ಮಾಡಿದ ವಿಷಯಕ್ಕೆ ಬಂದರು.

"ಬರುವ ತಿಂಗಳು ನಮ್ಮ ಎರಡನೇ ಮಗಳ ಮದುವೆ ಉಂಟು. ಗಂಡಿನ ಕಡೆಯವರು ಸ್ವಲ್ಪ ಜೋರಿನವರು. ಆ ಮಾತ್ರೆಯ ಹೆಸರು ಒಂದು ಹೇಳಿ ಮಾರಾಯ್ರೆ. ಪಾನಕಕ್ಕೆ ಹಾಕಿದ್ರೆ ಎಷ್ಟು ಹೊತ್ತಿಗೆ ಹಿಡೀತದೆ?"